ಕರೆಂಟು ಹೋದರೂ ಸೈಟು ನಿಲ್ಲದಿರಲಿ: ಟ್ರಾಫಿಕ್ ಮ್ಯಾನೇಜರ್ ಎಂಡ್‌ಪಾಯಿಂಟ್‌ಗಳನ್ನು ತಾನಾಗಿ ಆಫ್-ಆನ್ ಮಾಡಿಸುವ ಬಗೆ

ಜುಲೈ ತಿಂಗಳ ಒಂದು ರಾತ್ರಿ. ಪೆರ್ಲದ ಹತ್ತಿರದ ನಮ್ಮ ಮನೆಯಲ್ಲಿ ಕೂತು ಸರ್ವರ್‌ಗಳಿಗೆ ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಹಾಕುತ್ತಿದ್ದೆ. ಅಡಿಕೆ, ಕಾಳುಮೆಣಸು, ತೆಂಗಿನಕಾಯಿಯ ದಿನದ ದರ ತೋರಿಸುವ ಒಂದು ಸಣ್ಣ ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಅದು ಮೈಕ್ರೋಸಾಫ್ಟಿನ ಅಜೂರ್ ಕ್ಲೌಡಿನಲ್ಲಿ ಎರಡು ಕಡೆ ಓಡುತ್ತದೆ. ಒಂದು ಪುಣೆಯಲ್ಲಿ, ಇನ್ನೊಂದು ಚೆನ್ನೈಯಲ್ಲಿ. ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟ ಸ್ಕ್ರಿಪ್ಟು ಮೊದಲು ಪುಣೆಯ ದಾರಿ ಮುಚ್ಚಿತು. ಪ್ಯಾಚ್ ಹಾಕಿತು. ರೀಸ್ಟಾರ್ಟ್ ಮಾಡಿತು. ಇನ್ನು ದಾರಿ ತೆರೆಯುವುದೊಂದೇ ಬಾಕಿ, ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿತ್ತು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು, ಆದರೆ ರೂಟರ್ ಆರಿತ್ತು. ಸ್ವಲ್ಪ ಹೊತ್ತಿನಲ್ಲಿ ಮೊಬೈಲಿನ ಸಿಗ್ನಲ್ ಕೂಡ ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಇದು ಹೊಸತಲ್ಲ.

ಮರುದಿನ ಕರೆಂಟು ಬಂದಾಗ ಸೈಟು ಚೆನ್ನಾಗಿಯೇ ತೆರೆಯುತ್ತಿತ್ತು. ಹಾಗಾಗಿ ನಾನು ಮರೆತೆ. ಚೆನ್ನೈ ಒಂದೇ ಎಲ್ಲರನ್ನೂ ಹೊತ್ತುಕೊಂಡಿದೆ ಅನ್ನುವುದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ, ಅಲ್ವಾ. ನಾಲ್ಕನೇ ದಿನ ಚೆನ್ನೈ ಸರ್ವರಿನ ಡಿಸ್ಕ್ ತುಂಬಿ ಅದೂ ನಿಂತಿತು. ಅಡ್ಯನಡ್ಕದಿಂದ ಒಬ್ಬರು ಫೋನ್ ಮಾಡಿದರು: "ಎಂತ ಮಾರಾಯ್ರೆ, ಇವತ್ತು ಅಡಿಕೆ ಮಾರುವ ಅಂತ ಇದ್ದೆ. ರೇಟು ನೋಡ್ಲಿಕ್ಕೇ ಆಗುದಿಲ್ಲವಲ್ಲ?" ಪುಣೆಯ ಸರ್ವರು ಆರೋಗ್ಯವಾಗಿ, ಪ್ಯಾಚ್ ಹಾಕಿಸಿಕೊಂಡು, ಸುಮ್ನೆ ಕೂತಿತ್ತು. ಅಲ್ಲಿಗೆ ಹೋಗುವ ದಾರಿ ಮಾತ್ರ ಮುಚ್ಚಿತ್ತು.

ಆ ದಿನ ನನಗೆ ಒಂದು ವಿಷಯ ಮನಸ್ಸಿಗೆ ನಾಟಿತು. ಎಂಡ್‌ಪಾಯಿಂಟನ್ನು, ಅಂದರೆ ಒಂದು ಸರ್ವರಿಗೆ ಜನರನ್ನು ಕಳಿಸುವ ದಾರಿಯನ್ನು, ಆಫ್ ಮಾಡುವುದು, ಆನ್ ಮಾಡುವುದು ಒಂದೊಂದು ಸಾಲಿನ ಕೆಲಸ. ಅದನ್ನು ಸ್ಕ್ರಿಪ್ಟಿಗೆ ಹಾಕಿದ ಮಾತ್ರಕ್ಕೆ ಆಟೊಮೇಶನ್ ಆಗುವುದಿಲ್ಲ. ಆಫ್ ಮಾಡುವ ಮುಂಚೆ ಏನು ನೋಡಬೇಕು, ಆಫ್ ಮಾಡಿದ ಮೇಲೆ ಎಷ್ಟು ಕಾಯಬೇಕು, ನಡುವೆ ಕೈಕೊಟ್ಟರೆ ಯಾರು ಎತ್ತಬೇಕು ಅನ್ನುವುದೇ ನಿಜವಾದ ಕೆಲಸ. ಅದನ್ನೆಲ್ಲ ಕರೆಂಟು ಹೋಗದ ಜಾಗದಲ್ಲಿ ಇಡಬೇಕು. ಹೇಗೆ ಇಡುವುದು ಅಂತ ಮುಂದೆ ಬರೆದಿದ್ದೇನೆ. ನಮ್ಮ ಗಡಿಯ ಊರುಗಳಿಂದ ಮನೆಯಲ್ಲೇ ಕೂತು ಕ್ಲೌಡ್ ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ಜಾಸ್ತಿ ಆಗಿದ್ದಾರೆ. ಮೊದಲಾಗಿ ಅವರಿಗಾಗಿ ಇದು.

ಚೆರ್ಕಳದಲ್ಲಿ ದಾರಿ ಹೇಳುವವನು

ಮೊದಲು ಅಜೂರಿನ ಟ್ರಾಫಿಕ್ ಮ್ಯಾನೇಜರ್ ಎಂಬ ಸೇವೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿದುಕೊಳ್ಳೋಣ. ಕಾಞಂಗಾಡಿನ ಕಡೆಯಿಂದ ಮಂಗಳೂರಿಗೆ ಹೊರಟವರು ಚೆರ್ಕಳಕ್ಕೆ ಬರುತ್ತಾರೆ. ಅಲ್ಲಿಂದ ಎರಡು ದಾರಿ. ಹೆದ್ದಾರಿಯಲ್ಲೇ ಕಾಸರಗೋಡು, ಕುಂಬಳೆ, ಮಂಜೇಶ್ವರ, ತಲಪಾಡಿ ಎಂದು ಹೋಗಬಹುದು. ಇಲ್ಲವೇ ಒಳಗಿನಿಂದ ಬದಿಯಡ್ಕ, ಪೆರ್ಲ, ವಿಟ್ಲ, ಕಲ್ಲಡ್ಕ ದಾಟಿ ಹೋಗಬಹುದು. ಚೆರ್ಕಳದಲ್ಲಿ ಒಬ್ಬ ನಿಂತು "ನೀವು ಈ ಕಡೆ ಹೋಗಿ" ಎಂದು ಹೇಳುತ್ತಾನೆ ಅಂದುಕೊಳ್ಳಿ. ಅವನು ನಿಮ್ಮ ಕಾರಿನಲ್ಲಿ ಕೂರುವುದಿಲ್ಲ. ದಾರಿ ಹೇಳುತ್ತಾನೆ, ಅಷ್ಟೇ.

ಟ್ರಾಫಿಕ್ ಮ್ಯಾನೇಜರ್ ಕೂಡ ಹಾಗೆಯೇ. ಅದು ಡಿಎನ್‌ಎಸ್ ಮಟ್ಟದಲ್ಲಿ, ಅಂದರೆ ಸೈಟಿನ ಹೆಸರು ಕೇಳಿದರೆ ಸರ್ವರಿನ ವಿಳಾಸ ಹೇಳುವ ವ್ಯವಸ್ಥೆಯಲ್ಲಿ, ಕೆಲಸ ಮಾಡುತ್ತದೆ. ಬ್ರೌಸರ್ ನಿಮ್ಮ ಸೈಟಿನ ವಿಳಾಸ ಕೇಳಿದಾಗ "ಪುಣೆಗೆ ಹೋಗು" ಅಥವಾ "ಚೆನ್ನೈಗೆ ಹೋಗು" ಎಂಬ ಉತ್ತರ ಕೊಡುತ್ತದೆ. ಆಮೇಲಿನ ಮಾತುಕತೆ ಬ್ರೌಸರಿಗೂ ಸರ್ವರಿಗೂ ನೇರವಾಗಿ ನಡೆಯುತ್ತದೆ. ಡೇಟಾ ಟ್ರಾಫಿಕ್ ಮ್ಯಾನೇಜರಿನ ಮೂಲಕ ಹಾದುಹೋಗುವುದೇ ಇಲ್ಲ.

ಹಾಗಾಗಿ ನೀವು ಪುಣೆಯ ಎಂಡ್‌ಪಾಯಿಂಟನ್ನು ಆಫ್ ಮಾಡಿದ ಕ್ಷಣಕ್ಕೆ ಅಲ್ಲಿಗೆ ಬರುವವರು ನಿಲ್ಲುವುದಿಲ್ಲ. ಐದು ನಿಮಿಷದ ಹಿಂದೆ ಚೆರ್ಕಳ ದಾಟಿದವನಿಗೆ ಈಗ ದಾರಿ ಬದಲಾದದ್ದು ಗೊತ್ತಿರುವುದಿಲ್ಲವಲ್ಲ. ಒಮ್ಮೆ ಸಿಕ್ಕ ಉತ್ತರವನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂಬ ಸಂಖ್ಯೆಗೆ ಟಿಟಿಎಲ್ ಎನ್ನುತ್ತಾರೆ. ಒಂದು ಸೈಟಿನ ಎಂಡ್‌ಪಾಯಿಂಟ್‌ಗಳೂ ಸೆಟ್ಟಿಂಗ್‌ಗಳೂ ಇರುವ ಕಟ್ಟಿಗೆ ಪ್ರೊಫೈಲ್ ಎಂದು ಹೆಸರು. ಹೊಸ ಪ್ರೊಫೈಲಿನಲ್ಲಿ ಟಿಟಿಎಲ್ ಸಾಮಾನ್ಯವಾಗಿ 60 ಸೆಕೆಂಡು. ಕೆಲವು ಆ್ಯಪ್‌ಗಳು, ಕೆಲವು ಇಂಟರ್ನೆಟ್ ಕಂಪನಿಗಳ ಡಿಎನ್‌ಎಸ್ ಸರ್ವರ್‌ಗಳು ಅದಕ್ಕಿಂತ ಹೆಚ್ಚು ಹೊತ್ತು ಹಳೆಯ ಉತ್ತರವನ್ನೇ ಹಿಡಿದುಕೊಂಡಿರುತ್ತವೆ. ಆಗಲೇ ತೆರೆದಿರುವ ಸಂಪರ್ಕಗಳು ಬೇರೆ. ಅವನ್ನು ಯಾರೂ ಕಡಿಯುವುದಿಲ್ಲ. ನಿಮ್ಮ ಸ್ಕ್ರಿಪ್ಟಿನಲ್ಲಿ ಕಾಯುವ ಹೆಜ್ಜೆ ಇಲ್ಲದಿದ್ದರೆ ದಾರಿಯಲ್ಲಿರುವವರ ಎದುರೇ ಸೇತುವೆ ಮುರಿದ ಹಾಗೆ ಆಗುತ್ತದೆ.

ಯಾವ ವಿಧಾನ ಆರಿಸಬೇಕು

ಟ್ರಾಫಿಕ್ ಮ್ಯಾನೇಜರಿನಲ್ಲಿ ದಾರಿ ಹಂಚುವ ಆರು ವಿಧಾನಗಳಿವೆ: ಪ್ರಯಾರಿಟಿ, ವೆಯ್ಟೆಡ್, ಪರ್ಫಾರ್ಮೆನ್ಸ್, ಜಿಯೋಗ್ರಫಿಕ್, ಮಲ್ಟಿವ್ಯಾಲ್ಯೂ, ಸಬ್‌ನೆಟ್. ಎಲ್ಲವನ್ನೂ ಇಲ್ಲಿ ವಿವರಿಸುವುದಿಲ್ಲ. ಎರಡೇ ಸರ್ವರು ಇರುವ ಸಣ್ಣ ಸೈಟಿಗೆ ಪ್ರಯಾರಿಟಿ ಅಥವಾ ವೆಯ್ಟೆಡ್ ಸಾಕು. ಪ್ರಯಾರಿಟಿಯಲ್ಲಿ ಒಂದನೇ ನಂಬರಿನದ್ದು ಬಿದ್ದರೆ ಮಾತ್ರ ಎರಡನೆಯದಕ್ಕೆ ಜನ ಹೋಗುತ್ತಾರೆ. ವೆಯ್ಟೆಡ್‌ನಲ್ಲಿ 1ರಿಂದ 1000ದ ವರೆಗೆ ತೂಕ ಕೊಟ್ಟು ಹಂಚಬಹುದು. ನನ್ನದು ವೆಯ್ಟೆಡ್. ಎರಡೂ ಸರ್ವರಿಗೆ ದಿನಾ ಸ್ವಲ್ಪ ಕೆಲಸ ಇರುವುದರಿಂದ ಎರಡೂ ಬದುಕಿವೆ ಎಂಬ ಧೈರ್ಯ ಇರುತ್ತದೆ. ಪ್ರಯಾರಿಟಿಯಲ್ಲಿ ಎರಡನೆಯದು ತಿಂಗಳುಗಟ್ಟಲೆ ಸುಮ್ಮನಿದ್ದು, ಬೇಕಾದ ದಿನ ಎದ್ದೇಳದೆ ಇರಬಹುದು.

ಗಲ್ಫಿನಲ್ಲಿರುವ ನಮ್ಮೂರಿನವರು ಹೆಚ್ಚು ಬಳಸುವ ಸೈಟಾದರೆ, ಬೇಗ ತಲುಪುವ ಸರ್ವರಿಗೆ ಕಳಿಸುವ ಪರ್ಫಾರ್ಮೆನ್ಸ್ ವಿಧಾನ ಒಳ್ಳೆಯದು. ದುಬೈಯಲ್ಲಿ ಅಜೂರಿನ ಯುಎಇ ನಾರ್ತ್ ಪ್ರದೇಶ ಇದೆ. ಅಲ್ಲೊಂದು ಎಂಡ್‌ಪಾಯಿಂಟ್ ಇಟ್ಟರೆ ಅವರ ಉತ್ತರ ಅಲ್ಲಿಂದಲೇ ಹೋಗುತ್ತದೆ.

ಗಡಿಯ ನಮಗೆ ಒಂದು ಎಚ್ಚರಿಕೆ. "ಕೇರಳದವರಿಗೆ ಒಂದು ಸರ್ವರು, ಕರ್ನಾಟಕದವರಿಗೆ ಇನ್ನೊಂದು, ಜಿಯೋಗ್ರಫಿಕ್ ಹಾಕಿದರಾಯಿತು" ಎಂದು ಕೆಲವರು ಪ್ಲಾನ್ ಮಾಡುತ್ತಾರೆ. ಅದು ಆಗುವುದಿಲ್ಲ. ಈ ವಿಧಾನದಲ್ಲಿ ರಾಜ್ಯದ ಮಟ್ಟದ ವಿಂಗಡಣೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಗೆ ಮಾತ್ರ ಇದೆ. ಭಾರತ ಪೂರ್ತಿ ಒಂದೇ ತುಂಡು. ಇದ್ದಿದ್ದರೂ ನಮಗೆ ಉಪಯೋಗ ಆಗುತ್ತಿರಲಿಲ್ಲ. ಟ್ರಾಫಿಕ್ ಮ್ಯಾನೇಜರಿಗೆ ಸಾಮಾನ್ಯವಾಗಿ ಕಾಣುವುದು ನಿಮ್ಮ ಫೋನಲ್ಲ, ನಿಮ್ಮ ಪರವಾಗಿ ವಿಳಾಸ ಕೇಳುವ ಡಿಎನ್‌ಎಸ್ ಸರ್ವರು. ತಲಪಾಡಿಯ ಹತ್ತಿರ ಫೋನು ಒಮ್ಮೆ ಆ ಕಡೆಯ ಟವರು, ಒಮ್ಮೆ ಈ ಕಡೆಯ ಟವರು ಹಿಡಿಯುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಆರೋಗ್ಯ ನೋಡುವ ಪುಟ ಮೊದಲು

ಆಟೊಮೇಶನ್ ಬರೆಯುವ ಮುಂಚೆ ಪ್ರತಿ ಸರ್ವರಿನಲ್ಲೂ ಒಂದು ಆರೋಗ್ಯದ ಪುಟ ಮಾಡಿ. ಟ್ರಾಫಿಕ್ ಮ್ಯಾನೇಜರ್ ಆಗಾಗ ಬಂದು ಈ ಪುಟವನ್ನು ತಟ್ಟಿ ನೋಡುತ್ತದೆ. 200 ಎಂಬ ಉತ್ತರ ಬಂದರೆ ಸರಿ, ಇಲ್ಲದಿದ್ದರೆ ತಪ್ಪು ಎಂದು ಲೆಕ್ಕ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ತಟ್ಟುತ್ತದೆ. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೆ 10 ಸೆಕೆಂಡಿಗೊಮ್ಮೆ. ಎಷ್ಟು ಸಲ ತಪ್ಪಿದರೆ ಸಹಿಸಬೇಕು ಎಂಬುದನ್ನು 0ಯಿಂದ 9ರ ವರೆಗೆ ಇಡಬಹುದು. ತಾನಾಗಿ ಬರುವುದು 3. ಅಂದರೆ ಮೂರು ತಪ್ಪು ಸಹಿಸಿ, ನಾಲ್ಕನೆಯದಕ್ಕೆ "ಡಿಗ್ರೇಡೆಡ್" ಎಂದು ಗುರುತು ಹಾಕುತ್ತದೆ.

ಲೆಕ್ಕ ಹಾಕಿ ನೋಡಿ. 30 ಸೆಕೆಂಡಿನ ಅಂತರದಲ್ಲಿ ನಾಲ್ಕು ತಪ್ಪು ಅಂದರೆ ಮೊದಲ ತಪ್ಪಿನಿಂದಲೇ ಒಂದೂವರೆ ನಿಮಿಷ. ಮೇಲೆ ಟಿಟಿಎಲ್ 60 ಸೆಕೆಂಡು. ಎರಡೂವರೆ ನಿಮಿಷದಷ್ಟು ಹೊತ್ತು ಜನ ಸತ್ತ ಸರ್ವರಿಗೇ ಹೋಗುತ್ತಾರೆ. "ಸರ್ವರನ್ನು ಸುಮ್ನೆ ನಿಲ್ಲಿಸಿದರಾಯಿತು, ಟ್ರಾಫಿಕ್ ಮ್ಯಾನೇಜರ್ ತಾನೇ ನೋಡಿಕೊಳ್ಳುತ್ತದೆ" ಎಂದು ಪ್ಲಾನ್ ಮಾಡಿದ ಕೆಲಸಕ್ಕೆ ಹೇಳಬಾರದು. ಅದು ಅಪಘಾತಕ್ಕೆ ಇರುವ ವ್ಯವಸ್ಥೆ. ಪ್ಲಾನ್ ಮಾಡಿದ ಕೆಲಸಕ್ಕೆ ಮೊದಲೇ ದಾರಿ ಮುಚ್ಚಿ, ಟಿಟಿಎಲ್ ಮುಗಿಯುವ ತನಕ ಕಾದರೆ ಒಬ್ಬರಿಗೂ ತೊಂದರೆ ಆಗದಂತೆ ಮಾಡಬಹುದು.

ಈ ಪುಟದಲ್ಲಿ ಎಡವುವ ಕೆಲವು ಜಾಗಗಳಿವೆ. ಪುಟ ಇನ್ನೊಂದು ಪುಟಕ್ಕೆ ಕಳಿಸಿದರೆ, ಅಂದರೆ ರೀಡೈರೆಕ್ಟ್ ಆದರೆ, ಟ್ರಾಫಿಕ್ ಮ್ಯಾನೇಜರ್ ಅದರ ಹಿಂದೆ ಹೋಗುವುದಿಲ್ಲ. ತಪ್ಪು ಎಂದೇ ಎಣಿಸುತ್ತದೆ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ರೀಡೈರೆಕ್ಟ್ ಇಟ್ಟು, ಹಳೆಯ ಎಚ್‌ಟಿಟಿಪಿ ವಿಳಾಸವನ್ನೇ ಆರೋಗ್ಯದ ಪುಟಕ್ಕೆ ಕೊಟ್ಟು ತಲೆ ಕೆಡಿಸಿಕೊಂಡವರು ತುಂಬ ಜನ. ಇನ್ನೊಂದು, ಎಚ್‌ಟಿಟಿಪಿಎಸ್ ಮೂಲಕ ನೋಡಿದರೂ ಸರ್ಟಿಫಿಕೇಟಿನ ಅವಧಿ ಮುಗಿದಿದೆಯೇ ಎಂದು ಅದು ನೋಡುವುದಿಲ್ಲ. ಸರ್ಟಿಫಿಕೇಟ್ ಸತ್ತು ಬ್ರೌಸರು ಜನರನ್ನು ಹೆದರಿಸಿ ಹಿಂದೆ ಕಳಿಸುತ್ತಿದ್ದರೂ ಟ್ರಾಫಿಕ್ ಮ್ಯಾನೇಜರಿನಲ್ಲಿ "ಆನ್‌ಲೈನ್" ಎಂದೇ ಇರುತ್ತದೆ. ಆ ಪರೀಕ್ಷೆ ನಿಮ್ಮ ಸ್ಕ್ರಿಪ್ಟಿನ ಕೆಲಸ. ಫೈರ್‌ವಾಲ್ ಬಿಗಿಯಾಗಿದ್ದರೆ "ಅಜೂರ್ ಟ್ರಾಫಿಕ್ ಮ್ಯಾನೇಜರ್" ಎಂಬ ಸರ್ವಿಸ್ ಟ್ಯಾಗಿಗೆ (ಆ ಸೇವೆಯ ಎಲ್ಲ ಐಪಿ ವಿಳಾಸಗಳಿಗೆ ಅಜೂರ್ ಕೊಟ್ಟ ಒಂದೇ ಹೆಸರು) ಒಳಗೆ ಬರಲು ಬಿಡಿ. ತಟ್ಟಿ ನೋಡುವವರು ಬೇರೆ ಬೇರೆ ಊರುಗಳಿಂದ ಬರುತ್ತಾರೆ. ಒಂದೆರಡು ಐಪಿ ವಿಳಾಸ ಬರೆದಿಟ್ಟರೆ ಸಾಲದು.

ಪುಟ ಏನು ಪರೀಕ್ಷಿಸಬೇಕು? ನನ್ನದು ಡಿಸ್ಕಿನಲ್ಲಿ ಜಾಗ ಇದೆಯೇ, ಡೇಟಾಬೇಸ್ ಉತ್ತರ ಕೊಡುತ್ತದೆಯೇ, ಕೊನೆಯ ದರ ಸಿಗುತ್ತದೆಯೇ ಎಂದು ನೋಡುತ್ತದೆ. ಡಿಸ್ಕಿನ ಸಾಲು ಆ ಜುಲೈಯ ನಂತರ ಸೇರಿದ್ದು.

ರನ್‌ಬುಕ್ ಎಲ್ಲಿ ಇಡಬೇಕು, ಯಾರ ಹೆಸರಿನಲ್ಲಿ

ಲ್ಯಾಪ್‌ಟಾಪಿನಲ್ಲಿ ಬೇಡ. ಅಜೂರಿನ ಆಟೊಮೇಶನ್ ಅಕೌಂಟಿನಲ್ಲಿ ರನ್‌ಬುಕ್ ಎಂದು ಒಂದು ಸೌಲಭ್ಯ ಇದೆ. ಪವರ್‌ಶೆಲ್ ಅಥವಾ ಪೈಥಾನ್ ಸ್ಕ್ರಿಪ್ಟನ್ನು ಅಲ್ಲಿಟ್ಟರೆ ಅದು ಕ್ಲೌಡಿನೊಳಗೇ ಓಡುತ್ತದೆ. ತಿಂಗಳಿಗೆ 500 ನಿಮಿಷದ ಓಟ ಉಚಿತ. ವಾರಕ್ಕೊಮ್ಮೆ ಎರಡು ಸರ್ವರಿಗೆ ಪ್ಯಾಚ್ ಹಾಕುವವರಿಗೆ ಅಷ್ಟು ಧಾರಾಳ. ಪೆರ್ಲದಲ್ಲಿ ಮರ ಬಿದ್ದರೆ ಅದಕ್ಕೆ ಏನೂ ಆಗುವುದಿಲ್ಲ.

ಅಕೌಂಟ್ ಮಾಡಿದ ಮೇಲೆ ಅದಕ್ಕೆ ಮ್ಯಾನೇಜ್ಡ್ ಐಡೆಂಟಿಟಿ ಆನ್ ಮಾಡಿ. ಇದು ರನ್‌ಬುಕ್ಕಿನ ಗುರುತಿನ ಚೀಟಿ ಇದ್ದ ಹಾಗೆ. ಪಾಸ್‌ವರ್ಡು ಎಲ್ಲೂ ಬರೆದಿಡಬೇಕಾಗಿಲ್ಲ. ಹಿಂದೆ ಇದಕ್ಕೆ ರನ್-ಆ್ಯಸ್ ಅಕೌಂಟ್ ಎಂಬುದನ್ನು ಬಳಸುತ್ತಿದ್ದರು. ಅದನ್ನು 2023ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸಿದ್ದಾರೆ. ಹಳೆಯ ಲೇಖನ ನೋಡಿಕೊಂಡು ಕೆಲಸ ಮಾಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಪವರ್‌ಶೆಲ್ಲಿನ ಹಳೆಯ ಅಜೂರ್-ಆರ್‌ಎಂ ಮಾಡ್ಯೂಲ್ ಕೂಡ 2024ರ ಫೆಬ್ರುವರಿ 29ಕ್ಕೆ ನಿಂತಿತು. ಈಗಿನದು ಎ-ಝಡ್ ಮಾಡ್ಯೂಲ್.

ಈ ಐಡೆಂಟಿಟಿಗೆ ಎಷ್ಟು ಅಧಿಕಾರ ಕೊಡಬೇಕು? "ಟ್ರಾಫಿಕ್ ಮ್ಯಾನೇಜರ್ ಕಾಂಟ್ರಿಬ್ಯೂಟರ್" ಎಂಬ ರೋಲ್ ಇದೆ. ಅದನ್ನು ಇಡೀ ಸಬ್‌ಸ್ಕ್ರಿಪ್ಶನ್ನಿಗೆ, ಅಂದರೆ ನಿಮ್ಮ ಅಜೂರ್ ಖಾತೆಯಲ್ಲಿರುವ ಎಲ್ಲದಕ್ಕೂ, ಕೊಡಬೇಡಿ, ಆ ಒಂದು ಪ್ರೊಫೈಲಿಗೆ ಮಾತ್ರ ಕೊಡಿ. ಸರ್ವರಿಗೆ ಪ್ಯಾಚ್ ಹಾಕಲು ಬೇಕಾದ ಅಧಿಕಾರವನ್ನು ಆ ಎರಡು ಸರ್ವರಿಗೆ ಮಾತ್ರ. ತೋಟದ ಕೆಲಸಕ್ಕೆ ಬಂದವರಿಗೆ ತೋಟದ ಗೇಟಿನ ಕೀಲಿಕೈ ಕೊಡುತ್ತೇವೆ, ಮನೆಯ ಕಪಾಟಿನದ್ದು ಕೊಡುವುದಿಲ್ಲ.

ಆಫ್ ಮಾಡುವ ಹೆಜ್ಜೆ

ಈಗ ರನ್‌ಬುಕ್ ಬರೆಯೋಣ. ಮೊದಲ ಸಾಲು ಲಾಗಿನ್: ಕನೆಕ್ಟ್-ಎಝಡ್-ಅಕೌಂಟ್ ಆದೇಶ, ಅದರ ಪಕ್ಕ ಐಡೆಂಟಿಟಿ ಎಂಬ ಸ್ವಿಚ್. ಆಮೇಲೆ ಗೆಟ್ ಎಂದು ಶುರುವಾಗುವ ಟ್ರಾಫಿಕ್ ಮ್ಯಾನೇಜರ್ ಪ್ರೊಫೈಲ್ ಆದೇಶದಿಂದ ಪ್ರೊಫೈಲನ್ನು ತರಿಸಿ, ಒಳಗಿನ ಎಂಡ್‌ಪಾಯಿಂಟ್‌ಗಳನ್ನು ಒಂದೊಂದಾಗಿ ನೋಡಿ.

ಪ್ರತಿ ಎಂಡ್‌ಪಾಯಿಂಟಿಗೆ ಎರಡು ಸ್ಥಿತಿ ಇರುತ್ತದೆ. ಇದು ಮುಖ್ಯ, ನಿಧಾನವಾಗಿ ಓದಿ. ಒಂದು "ಎಂಡ್‌ಪಾಯಿಂಟ್ ಸ್ಟೇಟಸ್". ನೀವು ಆನ್ ಮಾಡಿದ್ದೀರೋ ಆಫ್ ಮಾಡಿದ್ದೀರೋ ಎಂದು ಅದು ಹೇಳುತ್ತದೆ. ಇನ್ನೊಂದು "ಮಾನಿಟರ್ ಸ್ಟೇಟಸ್". ಅದು ನಿಜವಾಗಿ ಎದ್ದಿದೆಯೋ ಬಿದ್ದಿದೆಯೋ ಎಂದು ಹೇಳುತ್ತದೆ. ಆನ್ ಇದೆ ಎಂದ ಮಾತ್ರಕ್ಕೆ ಎದ್ದಿದೆ ಎಂದಲ್ಲ. ಒಂದನ್ನು ಆಫ್ ಮಾಡುವ ಮುಂಚೆ ಸ್ಕ್ರಿಪ್ಟು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದನ್ನು ಬಿಟ್ಟು ಉಳಿದವುಗಳಲ್ಲಿ, ಆನ್ ಕೂಡ ಇರುವ, ಮಾನಿಟರಿನಲ್ಲಿ "ಆನ್‌ಲೈನ್" ಕೂಡ ಇರುವ ಒಂದಾದರೂ ಇದೆಯೇ? ಇಲ್ಲದಿದ್ದರೆ ಅಲ್ಲೇ ನಿಲ್ಲಬೇಕು. ಲಾಗಿನಲ್ಲಿ ಕಾರಣ ಬರೆದು, ತಪ್ಪಾಗಿದೆ ಎಂದು ಹೇಳಿ ಹೊರಬರಬೇಕು. ಎಷ್ಟೇ ಅರ್ಜೆಂಟು ಇದ್ದರೂ ಈ ಸಾಲಿಗೆ ವಿನಾಯಿತಿ ಇಡಬೇಡಿ.

ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಉಳಿಯುವ ಸರ್ವರಿನ ಆರೋಗ್ಯದ ಪುಟವನ್ನು ರನ್‌ಬುಕ್ಕಿನಿಂದಲೇ ಮೂರು ಸಲ ತೆರೆದು ನೋಡುತ್ತೇನೆ. ಟ್ರಾಫಿಕ್ ಮ್ಯಾನೇಜರ್ ಹೇಳಿದ್ದು ಒಂದೂವರೆ ನಿಮಿಷ ಹಳೆಯ ಸುದ್ದಿ ಇರಬಹುದು ಎಂದು ಮೇಲೆ ಲೆಕ್ಕ ಹಾಕಿದೆವಲ್ಲ.

ಎಲ್ಲ ಎಂಡ್‌ಪಾಯಿಂಟೂ ಬಿದ್ದರೆ ಟ್ರಾಫಿಕ್ ಮ್ಯಾನೇಜರ್ ಏನು ಮಾಡುತ್ತದೆ ಎಂಬುದನ್ನೂ ತಿಳಿದಿರಿ. ಆನ್ ಇರುವ ಎಲ್ಲವೂ ಡಿಗ್ರೇಡೆಡ್ ಆದರೆ, ಎಲ್ಲವೂ ಸರಿಯಾಗಿವೆ ಎಂಬಂತೆಯೇ ಉತ್ತರ ಕೊಡುತ್ತದೆ. ಒಂದಾದರೂ ಸಿಗಲಿ ಎಂಬ ಪ್ರಯತ್ನ ಅದು. ಆದರೆ ನೀವು ಕೈಯಾರೆ ಆಫ್ ಮಾಡಿದ್ದನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಪುಣೆ ಸರ್ವರು ಆ ದಿನ ಉಳಿದಿದ್ದರೂ ಉಪಯೋಗಕ್ಕೆ ಬಾರದೆ ಹೋದದ್ದು ಇದಕ್ಕೇ. ಎಲ್ಲವನ್ನೂ ಕೈಯಾರೆ ಆಫ್ ಮಾಡಿಬಿಟ್ಟರೆ ಕೊಡಲು ವಿಳಾಸವೇ ಉಳಿಯುವುದಿಲ್ಲ. "ವಿಳಾಸ ಇಲ್ಲ" ಎಂಬ ಉತ್ತರವನ್ನೂ ಡಿಎನ್‌ಎಸ್ ಸರ್ವರ್‌ಗಳು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವೆ. ಮತ್ತೆ ಆನ್ ಮಾಡಿದ ಕೂಡಲೇ ಎಲ್ಲರಿಗೂ ಸಿಗುವುದಿಲ್ಲ.

ಪರೀಕ್ಷೆ ಪಾಸಾದರೆ ಡಿಸೇಬಲ್ ಆದೇಶ. ಇದಕ್ಕೆ ಎಂಡ್‌ಪಾಯಿಂಟಿನ ಹೆಸರು, ಬಗೆ, ಪ್ರೊಫೈಲ್, ಅದು ಇರುವ ರಿಸೋರ್ಸ್ ಗ್ರೂಪ್ (ಅಜೂರಿನಲ್ಲಿ ಒಂದು ಕೆಲಸದ ವಸ್ತುಗಳನ್ನು ಒಟ್ಟಿಗಿಡುವ ಗುಂಪು) ಕೊಡಬೇಕು. ಬಗೆ ಮೂರು: ಅಜೂರಿನೊಳಗಿನದು, ಹೊರಗಿನದು, ಇನ್ನೊಂದು ಪ್ರೊಫೈಲನ್ನೇ ಒಳಗೊಂಡದ್ದು. ಬೇರೆ ಕಂಪನಿಯ ಸರ್ವರನ್ನೂ ಹೊರಗಿನದು ಎಂದು ಸೇರಿಸಬಹುದು. ಡಿಸೇಬಲ್ ಆದೇಶ "ನಿಜವಾಗಿಯೂ ಮಾಡಲೇ?" ಎಂದು ಕೇಳುತ್ತದೆ. ರನ್‌ಬುಕ್ಕಿನಲ್ಲಿ ಉತ್ತರ ಕೊಡಲು ಯಾರೂ ಇರುವುದಿಲ್ಲ. ಹಾಗಾಗಿ ಫೋರ್ಸ್ ಎಂಬ ಸ್ವಿಚ್ ಸೇರಿಸಿ. ಪ್ರೊಫೈಲ್ ಪೂರ್ತಿಯನ್ನು ತಿದ್ದಿ ಸೆಟ್ ಆದೇಶದಿಂದ ವಾಪಸ್ ಬರೆಯುವ ದಾರಿಯೂ ಇದೆ. ಒಂದು ಎಂಡ್‌ಪಾಯಿಂಟ್ ಆಫ್ ಮಾಡಲು ಅದು ಬೇಡ. ಒಂದು ಬಾಗಿಲು ಹಾಕಲು ಇಡೀ ಮನೆಯನ್ನು ಮುಟ್ಟುವುದೇಕೆ?

ಆಮೇಲೆ ಕಾಯುವುದು. ಪ್ರೊಫೈಲಿನಿಂದಲೇ ಟಿಟಿಎಲ್ ಓದಿಕೊಂಡು ಅದರ ಎರಡೋ ಮೂರೋ ಪಟ್ಟು ಕಾಯಿರಿ. 60 ಎಂದು ಸ್ಕ್ರಿಪ್ಟಿನಲ್ಲಿ ನೇರವಾಗಿ ಬರೆದಿಟ್ಟರೆ ಮುಂದೆ ಯಾರೋ ಟಿಟಿಎಲ್ ಬದಲಿಸಿದ ದಿನ ಅದು ಸುಳ್ಳಾಗುತ್ತದೆ. ಇದಕ್ಕಿಂತ ಒಳ್ಳೆಯ ಅಳತೆ, ಯಾರು ಯಾವ ಪುಟ ಕೇಳಿದರು ಎಂದು ಸರ್ವರು ಬರೆದಿಡುವ ಆ್ಯಕ್ಸೆಸ್ ಲಾಗ್. ಆರೋಗ್ಯದ ಪುಟ ಬಿಟ್ಟು ಬೇರೆ ಪುಟ ಕೇಳಿದವರು ಕಳೆದ ಎರಡು ನಿಮಿಷದಲ್ಲಿ ಇಲ್ಲ ಎಂದಾದರೆ ಸರ್ವರು ಖಾಲಿಯಾಗಿದೆ ಎಂದರ್ಥ. ಹತ್ತು ನಿಮಿಷವಾದರೂ ಖಾಲಿಯಾಗದಿದ್ದರೆ ನಾನು ಮುಂದುವರಿಯುತ್ತೇನೆ. ಒಂದಿಬ್ಬರ ಹಳೆಯ ಆ್ಯಪಿಗಾಗಿ ರಾತ್ರಿಯಿಡೀ ಕಾಯಲು ಆಗುವುದಿಲ್ಲ.

ಮತ್ತೆ ಆನ್ ಮಾಡುವಾಗ

ಆನ್ ಮಾಡುವುದು ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲೊಂದು ಹೊಂಡ ಇದೆ. ಆಫ್ ಆಗಿರುವ ಎಂಡ್‌ಪಾಯಿಂಟನ್ನು ಟ್ರಾಫಿಕ್ ಮ್ಯಾನೇಜರ್ ತಟ್ಟಿ ನೋಡುವುದಿಲ್ಲ. ಆನ್ ಮಾಡಿದ ಮೇಲೆಯೇ ನೋಡಲು ಶುರು. ಮೊದಲ ಫಲ ಬರುವ ತನಕ ಅದರ ಸ್ಥಿತಿ "ಚೆಕಿಂಗ್ ಎಂಡ್‌ಪಾಯಿಂಟ್". ಆ ಹೊತ್ತಿನಲ್ಲಿ ಅದರ ವಿಳಾಸವನ್ನು ಜನರಿಗೆ ಕೊಡಲು ಶುರುಮಾಡಿರುತ್ತದೆ! ಪರೀಕ್ಷೆ ಮುಗಿಯುವ ಮುಂಚೆಯೇ ಜನ ಬರುತ್ತಾರೆ ಎಂದಾಯಿತು. ಹಾಗಾಗಿ ಸರ್ವರು ಸರಿಯಾಗಿದೆಯೇ ಎಂಬುದನ್ನು ಆನ್ ಮಾಡುವ ಮುಂಚೆ ನೀವೇ ನೋಡಬೇಕು.

ನನ್ನ ರನ್‌ಬುಕ್ ಸರ್ವರಿನ ಸ್ವಂತ ವಿಳಾಸಕ್ಕೆ ನೇರವಾಗಿ ಹೋಗಿ, ಆರೋಗ್ಯದ ಪುಟ ಸತತವಾಗಿ ಐದು ಸಲ ಸರಿ ಬಂದರೆ ಮಾತ್ರ ಎನೇಬಲ್ ಆದೇಶ ಕೊಡುತ್ತದೆ. ಜೊತೆಗೆ ಸರ್ಟಿಫಿಕೇಟಿಗೆ ಇನ್ನೂ ಹದಿನೈದು ದಿನವಾದರೂ ಆಯುಸ್ಸು ಇದೆಯೇ ಎಂದೂ ನೋಡುತ್ತದೆ. ಎನೇಬಲ್ ಆದ ಮೇಲೆ ಮಾನಿಟರ್ ಸ್ಟೇಟಸ್ "ಆನ್‌ಲೈನ್" ಎಂದು ಬರುವ ತನಕ ಕಾದು, ಆಮೇಲೆಯೇ ಚೆನ್ನೈಗೆ ಕೈ ಹಾಕುತ್ತದೆ. ಐದು ನಿಮಿಷದಲ್ಲಿ ಬಾರದಿದ್ದರೆ ಚೆನ್ನೈ ಆ ವಾರ ಪ್ಯಾಚ್ ಇಲ್ಲದೆ ಇರುತ್ತದೆ. ನನಗೆ ಫೋನಿಗೆ ಎಸ್‌ಎಂಎಸ್ ಬರುತ್ತದೆ.

ಯಾರು ಆಫ್ ಮಾಡಿದ್ದು ಎಂದು ಬರೆದಿಡಿ

ಆಟೊಮೇಶನ್ ಮತ್ತು ಮನುಷ್ಯರು ಒಂದೇ ಸ್ವಿಚ್ಚಿಗೆ ಕೈ ಹಾಕಿದಾಗ ಗೊಂದಲ ಹುಟ್ಟುತ್ತದೆ. ಪುಣೆಯ ಡೇಟಾದಲ್ಲಿ ಏನೋ ತಪ್ಪು ಕಂಡು ನೀವು ಕೈಯಾರೆ ಆಫ್ ಮಾಡಿದ್ದೀರಿ. ರಾತ್ರಿ ರನ್‌ಬುಕ್ ಬಂದು, "ಓ, ಆಫ್ ಇದೆ" ಎಂದು ಆನ್ ಮಾಡಿಬಿಟ್ಟರೆ? ತಪ್ಪು ದರ ನೋಡಿ ಯಾರಾದರೂ ಅಡಿಕೆ ಮಾರಿದರೆ ಆ ನಷ್ಟಕ್ಕೆ ಹೊಣೆ ಯಾರು?

ಇದಕ್ಕೆ ಆಟೊಮೇಶನ್ ಅಕೌಂಟಿನ ವೇರಿಯಬಲ್‌ನಲ್ಲಿ ಒಂದು ಸಣ್ಣ ಪಟ್ಟಿ ಇಡಿ. ಆಫ್ ಮಾಡುವಾಗ ಯಾವ ಎಂಡ್‌ಪಾಯಿಂಟು, ಯಾರು, ಏಕೆ, ಎಷ್ಟು ಗಂಟೆಯೊಳಗೆ ಆನ್ ಆಗಬೇಕು ಎಂದು ಬರೆಯಬೇಕು. ರನ್‌ಬುಕ್ ತಾನು ಆಫ್ ಮಾಡಿದ್ದನ್ನು ಮಾತ್ರ ಆನ್ ಮಾಡಬೇಕು. ಪಟ್ಟಿಯಲ್ಲಿ ಇಲ್ಲದೆ ಆಫ್ ಇರುವುದು ಕಂಡರೆ ಮುಟ್ಟದೆ ಎಚ್ಚರಿಕೆ ಕಳಿಸಬೇಕು. ಪಟ್ಟಿ ಬರೆಯುವುದು ಡಿಸೇಬಲ್ ಆದೇಶಕ್ಕಿಂತ ಮುಂಚೆ ಆಗಲಿ. ನಡುವೆ ರನ್‌ಬುಕ್ ನಿಂತುಹೋದರೂ ಗುರುತು ಉಳಿಯುತ್ತದೆ.

ಅಜೂರಿನ ಆ್ಯಕ್ಟಿವಿಟಿ ಲಾಗಿನಲ್ಲೂ ಯಾರು ಏನು ಬದಲಿಸಿದರು ಎಂದು 90 ದಿನದ ತನಕ ಸಿಗುತ್ತದೆ. ಆದರೆ ಏಕೆ ಎಂಬುದು ಅಲ್ಲಿ ಇರುವುದಿಲ್ಲ.

ಇನ್ನು ಕಾವಲು. ಪ್ಯಾಚ್ ಹಾಕುವ ರನ್‌ಬುಕ್ ಒಂದು, ಕಾವಲಿನ ರನ್‌ಬುಕ್ ಬೇರೆ. ಕಾವಲಿನದ್ದು ಗಂಟೆಗೊಮ್ಮೆ ಎದ್ದು ಪಟ್ಟಿ ನೋಡುತ್ತದೆ. ಗಡುವು ದಾಟಿಯೂ ಆಫ್ ಇರುವುದು ಸಿಕ್ಕರೆ, ಆರೋಗ್ಯದ ಪುಟ ಸರಿ ಇದ್ದರೆ ಆನ್ ಮಾಡುತ್ತದೆ, ಸರಿ ಇಲ್ಲದಿದ್ದರೆ ನನ್ನನ್ನು ಎಬ್ಬಿಸುತ್ತದೆ. ಆಟೊಮೇಶನ್ ಅಕೌಂಟಿನ ಶೆಡ್ಯೂಲ್ ಗಂಟೆಗಿಂತ ಕಡಿಮೆ ಅಂತರಕ್ಕೆ ಬರುವುದಿಲ್ಲ. ನಮಗೆ ಗಂಟೆ ಸಾಕು. ಶೆಡ್ಯೂಲ್ ಮಾಡುವಾಗ ಸಮಯದ ವಲಯ ಭಾರತದ್ದೇ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ರಾತ್ರಿ ಎರಡಕ್ಕೆ ಎಂದು ಇಟ್ಟದ್ದು ಬೆಳಗ್ಗೆ ಏಳೂವರೆಗೆ ಓಡಬಹುದು. ಆ ಜುಲೈಯಲ್ಲಿ ಈ ಕಾವಲು ಇದ್ದಿದ್ದರೆ ಒಂದೆರಡು ಗಂಟೆಯೊಳಗೆ ಪುಣೆಯ ದಾರಿ ತೆರೆಯುತ್ತಿತ್ತು. ಇಡೀ ವ್ಯವಸ್ಥೆಯಲ್ಲಿ ಒಂದನ್ನೇ ಮಾಡಲು ನಿಮಗೆ ಸಮಯ ಇದ್ದರೆ ಈ ಕಾವಲನ್ನು ಮಾಡಿ.

ಒಟ್ಟಿಗೆ ಎರಡು ಓಡದಿರಲಿ

2025ರ ಅಕ್ಟೋಬರ್ 20ರಂದು, ದೀಪಾವಳಿಯ ಹೊತ್ತಿನಲ್ಲಿ, ಅಮೆಜಾನ್ ಕ್ಲೌಡಿನ ವರ್ಜೀನಿಯಾ ಪ್ರದೇಶ ಕೈಕೊಟ್ಟು ಜಗತ್ತಿನ ತುಂಬ ಆ್ಯಪ್‌ಗಳು ನಿಂತದ್ದು ನಿಮಗೆ ನೆನಪಿರಬಹುದು. ಅದರ ಕಾರಣವನ್ನು ಕಂಪನಿಯೇ ವಿವರವಾಗಿ ಹೊರಗೆ ಹಾಕಿತು. ಈ ಕೆಲಸ ಮಾಡುವ ಪ್ರತಿಯೊಬ್ಬರೂ ಅದನ್ನು ತಿಳಿದಿರಬೇಕು. ಅಲ್ಲಿ ಡೈನಮೊಡಿಬಿ ಎಂಬ ಡೇಟಾಬೇಸ್ ಸೇವೆಯ ಡಿಎನ್‌ಎಸ್ ವಿಳಾಸಗಳನ್ನು ಆಟೊಮೇಶನ್ನೇ ನೋಡಿಕೊಳ್ಳುತ್ತಿತ್ತು. ಒಂದು ಭಾಗ ಯೋಜನೆ ತಯಾರಿಸುತ್ತಿತ್ತು. ಇನ್ನೊಂದು ಭಾಗದ ಕೆಲವು ಕೆಲಸಗಾರರು (ಮನುಷ್ಯರಲ್ಲ, ಪ್ರೋಗ್ರಾಮುಗಳು) ಅದನ್ನು ಜಾರಿ ಮಾಡುತ್ತಿದ್ದರು. ಆ ದಿನ ಒಬ್ಬ ಕೆಲಸಗಾರ ತುಂಬ ನಿಧಾನವಾದ. ಅವನ ಕೈಯಲ್ಲಿ ಹಳೆಯ ಯೋಜನೆ ಇತ್ತು. ಅಷ್ಟರಲ್ಲಿ ಇನ್ನೊಬ್ಬ ಹೊಸ ಯೋಜನೆಯನ್ನು ಜಾರಿ ಮಾಡಿ, ಹಳೆಯವನ್ನು ಗುಡಿಸಿ ಹಾಕಲು ಹೊರಟ. ಅದೇ ಹೊತ್ತಿಗೆ ನಿಧಾನದವನು ತನ್ನ ಹಳೆಯ ಯೋಜನೆಯನ್ನು ಹೊಸದರ ಮೇಲೆ ಬರೆದ. ಗುಡಿಸುವವನು ಅದನ್ನು ಹಳೆಯದೆಂದು ಅಳಿಸಿದ. ವಿಳಾಸದ ಪಟ್ಟಿಯೇ ಖಾಲಿಯಾಯಿತು. ಆಟೊಮೇಶನ್ನಿಗೆ ತಾನಾಗಿ ಅದನ್ನು ಸರಿಪಡಿಸಲು ಆಗಲಿಲ್ಲ. ಮನುಷ್ಯರು ಕೈಹಾಕಬೇಕಾಯಿತು.

ಅಷ್ಟು ದೊಡ್ಡ ವ್ಯವಸ್ಥೆಯಲ್ಲಿ ಆದದ್ದು ನಮ್ಮ ಎರಡು ಸರ್ವರಿನ ಸೈಟಿನಲ್ಲೂ ಆಗಬಹುದು. ರನ್‌ಬುಕ್ ಒಂದು ಪುಣೆಯನ್ನು ಆಫ್ ಮಾಡುವ ಮುಂಚೆ "ಚೆನ್ನೈ ಇದೆ" ಎಂದು ನೋಡುತ್ತದೆ. ಅದೇ ಸೆಕೆಂಡಿನಲ್ಲಿ ಇನ್ನೊಂದು ಚೆನ್ನೈಯನ್ನು ಆಫ್ ಮಾಡುವ ಮುಂಚೆ "ಪುಣೆ ಇದೆ" ಎಂದು ನೋಡುತ್ತದೆ. ಎರಡೂ ಸರಿಯಾಗಿಯೇ ನೋಡಿದವು. ಎರಡೂ ಆಫ್ ಆದವು.

ಹಾಗಾಗಿ ಒಂದು ಬೀಗ ಬೇಕು. ಅಜೂರಿನ ಸ್ಟೋರೇಜ್ ಅಕೌಂಟಿನಲ್ಲಿ ಒಂದು ಖಾಲಿ ಬ್ಲಾಬ್ (ಫೈಲ್) ಇಟ್ಟು, ಕೆಲಸ ಶುರುವಾಗುವ ಮುಂಚೆ ಅದರ ಲೀಸ್, ಅಂದರೆ ಸ್ವಲ್ಪ ಹೊತ್ತಿನ ಹಿಡಿತ, ತೆಗೆದುಕೊಳ್ಳುವುದು ಸುಲಭದ ದಾರಿ. ಲೀಸನ್ನು 15ರಿಂದ 60 ಸೆಕೆಂಡಿಗೆ ತೆಗೆದುಕೊಂಡು ಮತ್ತೆ ಮತ್ತೆ ನವೀಕರಿಸಬಹುದು. ಒಬ್ಬರ ಕೈಯಲ್ಲಿ ಇರುವಾಗ ಇನ್ನೊಬ್ಬರಿಗೆ ಸಿಗುವುದಿಲ್ಲ. ರನ್‌ಬುಕ್ ಸತ್ತರೆ ನಿಮಿಷದೊಳಗೆ ಬೀಗ ತಾನಾಗಿ ಬಿಡುತ್ತದೆ. ಡಿಸೇಬಲ್ ಆದೇಶ ಕೊಡುವ ಸರಿಯಾಗಿ ಮುಂಚೆ "ಲೀಸ್ ಇನ್ನೂ ನನ್ನ ಹತ್ತಿರವೇ ಇದೆಯೇ, ಇನ್ನೊಂದು ಎಂಡ್‌ಪಾಯಿಂಟ್ ಇನ್ನೂ ಆನ್‌ಲೈನೇ?" ಎಂದು ಮತ್ತೊಮ್ಮೆ ನೋಡಿ. ಆ ನಿಧಾನದ ಕೆಲಸಗಾರ ಶುರುವಿನಲ್ಲಿ ನೋಡಿದ್ದನ್ನು ಕೊನೆಯಲ್ಲಿ ಮತ್ತೆ ನೋಡಿರಲಿಲ್ಲ. ಕಾವಲಿನ ರನ್‌ಬುಕ್ಕೂ ಇದೇ ಬೀಗ ಬಳಸಬೇಕು.

ಅಮೆಜಾನಿನ ರೂಟ್ 53 ಎಂಬ ಡಿಎನ್‌ಎಸ್ ಸೇವೆ ಬಳಸುವವರಿಗೂ ಇದೇ ಹೆಜ್ಜೆಗಳು ನಡೆಯುತ್ತವೆ. ಅಲ್ಲಿ ವೆಯ್ಟೆಡ್ ರೆಕಾರ್ಡಿನ ತೂಕವನ್ನು 0 ಮಾಡಿದರೆ ಆ ಕಡೆಗೆ ಜನ ಹೋಗುವುದಿಲ್ಲ. ಎಲ್ಲದರ ತೂಕವನ್ನೂ 0 ಮಾಡಿದರೆ ಮಾತ್ರ ಎಲ್ಲದಕ್ಕೂ ಸಮನಾಗಿ ಕಳಿಸುತ್ತದೆ.

ಮೇ ತಿಂಗಳಲ್ಲಿ ಒಮ್ಮೆ ಓಡಿಸಿ ನೋಡಿ

ಅಡಿಕೆಗೆ ಕೊಳೆರೋಗ ಬಂದ ಮೇಲೆ ಬೋರ್ಡೋ ಹೊಡೆದರೆ ಏನು ಪ್ರಯೋಜನ? ಮಳೆ ಹಿಡಿಯುವ ಮುಂಚೆಯೇ ಒಮ್ಮೆ ಹೊಡೆಯುತ್ತೇವೆ. ಇದೂ ಹಾಗೆ. ಮೇ ತಿಂಗಳ ಒಂದು ಭಾನುವಾರ ರಾತ್ರಿ ಪೂರ್ತಿ ಪರೀಕ್ಷೆ ಮಾಡಿ. ಮೊದಲು ಟೆಸ್ಟ್ ಪ್ರೊಫೈಲಿನಲ್ಲಿ, ಆಮೇಲೆ ನಿಜವಾದದ್ದರಲ್ಲಿ.

ಪುಣೆ ಆಫ್ ಆದ ಮೇಲೆ ರನ್‌ಬುಕ್ಕನ್ನು ನಡುವೆಯೇ ನಿಲ್ಲಿಸಿಬಿಡಿ. ಕಾವಲು ಬಂದು ಎತ್ತುತ್ತದೆಯೇ? ಚೆನ್ನೈಯ ಆರೋಗ್ಯದ ಪುಟ ತಪ್ಪು ಉತ್ತರ ಕೊಡುವಂತೆ ಮಾಡಿ, ಪುಣೆಯನ್ನು ಆಫ್ ಮಾಡಲು ಹೇಳಿ. ರನ್‌ಬುಕ್ "ಆಗುವುದಿಲ್ಲ" ಎನ್ನುತ್ತದೆಯೇ? ಒಂದೇ ಸಲಕ್ಕೆ ಎರಡು ರನ್‌ಬುಕ್ ಶುರು ಮಾಡಿ. ಎರಡನೆಯದು ಬೀಗ ನೋಡಿ ಹಿಂದೆ ಸರಿಯುತ್ತದೆಯೇ? ಎಸ್‌ಎಂಎಸ್ ನಿಮ್ಮ ಫೋನಿಗೆ ಬಂತೇ? ನಿಮ್ಮ ಫೋನಿಗೆ ಸಿಗ್ನಲ್ ಇಲ್ಲದ ರಾತ್ರಿ ಇನ್ನೊಬ್ಬರಿಗೆ ಹೋಗುವಂತೆ ಇದೆಯೇ? ನಾನು ಬೆಂಗಳೂರಿನಲ್ಲಿರುವ ಒಬ್ಬ ಗೆಳೆಯನ ನಂಬರನ್ನೂ ಸೇರಿಸಿದ್ದೇನೆ. ಪೆರ್ಲದಲ್ಲೂ ಬೆಂಗಳೂರಿನಲ್ಲೂ ಒಂದೇ ರಾತ್ರಿ ಕರೆಂಟು ಹೋಗುವುದು ಅಪರೂಪ.

ಇವೆಲ್ಲ ಪಾಸಾದ ಮೇಲೆ ಕೊನೆಯ ಕೆಲಸ. ಲ್ಯಾಪ್‌ಟಾಪಿನಲ್ಲಿರುವ ಹಳೆಯ ಸ್ಕ್ರಿಪ್ಟನ್ನು ಅಳಿಸಿ. ಅದು ಬಳಸುತ್ತಿದ್ದ ಕೀಯನ್ನೂ ರದ್ದು ಮಾಡಿ. ಬೀಗವನ್ನೂ ಪಟ್ಟಿಯನ್ನೂ ನೋಡದೆ ನೇರವಾಗಿ ಸ್ವಿಚ್ಚಿಗೆ ಕೈ ಹಾಕುವ ದಾರಿ ಈಗ ಅದೊಂದೇ ಉಳಿದಿರುವುದು.